ಕಂಪ್ಯೂಟರಿನೊಳಗೆ ಸಿಕ್ಕಿಕೊಂಡ ಧೋತರ

ಪಾಠ ಹೇಳಿ ಹೊಟ್ಟೆ ಹೊರೆಯುವವರಿಗೆ ಒಂದು ಕೆಟ್ಟ ಚಾಳಿ ಅಂಟಿಕೊಳ್ಳುತ್ತದೆ. ಗಂಟೆ ಬಾರಿಸಿದರೂ ಬಾಯಿ ನಿಲ್ಲುವುದಿಲ್ಲ. ತೊಂಬತ್ತರ ದಶಕದ ಕೊನೆಯಲ್ಲಿ ನಾನು ಹುಬ್ಬಳ್ಳಿಯ ಒಂದು ಡಿಪ್ಲೊಮಾ ಕಾಲೇಜಿನಲ್ಲಿ ಕಂಪ್ಯೂಟರ್ ಕಲಿಸುತ್ತಿದ್ದಾಗ ಈ ಚಾಳಿ ಉಲ್ಬಣಿಸಿತ್ತು. ಅಲ್ಲಿ ಹುಡುಗರು ಹಿಂದಿನ ಬೆಂಚಿನಲ್ಲಿ ನಿದ್ದೆ ಹೋಗಿ ತಪ್ಪಿಸಿಕೊಳ್ಳುತ್ತಿದ್ದರು. ಧಾರವಾಡದ ನಮ್ಮ ಮನೆಯಲ್ಲಿ ಅವ್ವನಿಗೂ ತಂಗಿ ವಸುಧಾಳಿಗೂ ಆ ಸೌಲಭ್ಯ ಇರಲಿಲ್ಲ. ಅವ್ವ ಮಾತ್ರ ಒಂದು ಉಪಾಯ ಕಂಡುಕೊಂಡಿದ್ದಳು. ನಾನು ಶುರು ಮಾಡಿದ ಕೂಡಲೇ ಮಿಕ್ಸರ್ ಹಚ್ಚುತ್ತಿದ್ದಳು.

ಆ ವರ್ಷ ನಾವು ತಾನಾಗಿ ಬಟ್ಟೆ ಒಗೆಯುವ ಮಷಿನ್ ತಂದೆವು. ಮುಂದೆ ದುಂಡನೆಯ ಗಾಜಿನ ಬಾಗಿಲು, ಮೇಲೆ ಮಿಣುಕುವ ದೀಪಗಳು. ಓಣಿಯ ಹೆಂಗಸರಿಗೆ ಗಾಜಿನಾಚೆ ಸೀರೆ ತಿರುಗುವುದನ್ನು ನೋಡುವ ಆಸೆ, ನನಗೆ ಅದರೊಳಗೆ ಅಡಗಿ ಕುಳಿತ ಪುಟ್ಟ ಕಂಪ್ಯೂಟರಿನ ವಿಷಯ ಹೇಳುವ ಆಸೆ. ಕ್ರಮೇಣ ಅವರು ನಾನು ಕಾಲೇಜಿಗೆ ಹೋದ ಸಮಯ ನೋಡಿ ಬರತೊಡಗಿದರು.

ಅಂಥದರಲ್ಲಿ ವಸುಧಾಳನ್ನು ನೋಡಲು ಹತ್ತಿರದ ಮುಗದ ಊರಿನ ಗೌಡರು ಬಂದರು. ಮೊದಲು ತಾವೊಬ್ಬರೇ ಮನೆತನ ನೋಡಿಕೊಂಡು ಹೋಗಿ, ಆಮೇಲೆ ಮಗನನ್ನು ಕರೆತರುವ ವಿಚಾರ ಅವರದು. ಆ ಹುಡುಗನನ್ನು ವಸುಧಾ ಒಂದು ಮದುವೆಯಲ್ಲಿ ನೋಡಿದ್ದಳು. ಏನೂ ಹೇಳಿರಲಿಲ್ಲ, ಆದರೆ ಮುಗದದ ಮಾತು ಬಂದಾಗೆಲ್ಲ ಕೆಲಸವಿಲ್ಲದಿದ್ದರೂ ಅಡುಗೆಮನೆಗೆ ಹೋಗುತ್ತಿದ್ದಳು. ಅವ್ವ ನನ್ನನ್ನು ಬೆಳಿಗ್ಗೆಯೇ ಕೂಡಿಸಿಕೊಂಡು, "ಇವತ್ತೊಂದು ದಿನ ಕೇಳಿದಷ್ಟಕ್ಕ ಉತ್ತರಾ ಕೊಡಪಾ. ಹುಡುಗಿ ಬಾಳೇದ ಪ್ರಶ್ನಿ ಐತಿ," ಎಂದಿದ್ದಳು.

ಗೌಡರು ಕೇಳಿದ್ದೂ ಇಷ್ಟೇ: "ಕಾಲೇಜಿನ್ಯಾಗ ಏನ್ ಕಲಸ್ತೀರಿ ಸರ?"

ಕೇಳಿದಷ್ಟಕ್ಕೇ ಉತ್ತರ ಕೊಟ್ಟೆ. ಆದರೆ ಉತ್ತರ ಮಣಿ ಪೋಣಿಸಿದ ಚೌಕಟ್ಟಿನಿಂದ ಶುರುವಾಗಬೇಕಿತ್ತು. ಮಣಿ ಸರಿಸಿ ಲೆಕ್ಕ ಮಾಡಿದ ಜನರಿಂದ ಹಲ್ಲಿನ ಗಾಲಿಗಳ ಯಂತ್ರಕ್ಕೆ ಬಂದೆ. ಅಲ್ಲಿಂದ ಹಳೆಯ ರೇಡಿಯೊದಲ್ಲಿರುತ್ತಿದ್ದಂಥ ಗಾಜಿನ ವಾಲ್ವುಗಳ ಕಾಲಕ್ಕೆ ಬಂದು, "ಆಗ ಒಂದ ಕಂಪ್ಯೂಟರ್ ಅಂದ್ರ ಇಷ್ಟ ದೊಡ್ಡದಿತ್ರಿ," ಎಂದು ಎರಡೂ ಕೈ ಚಾಚಿದೆ. ಬಲಗೈ ಅವ್ವ ತರುತ್ತಿದ್ದ ತಾಟಿಗೆ ಬಡಿಯಿತು. ಪುಣ್ಯಕ್ಕೆ, ನನ್ನ ಪಾಠ ಮುಗಿಯಲೆಂದು ಕಾಯ್ದ ಚಹಾ ಆರಿತ್ತು. ಪಾಪಕ್ಕೆ ಗೌಡರ ಧೋತರ ಹಾಲಿನಂತೆ ಬೆಳ್ಳಗಿತ್ತು.

"ಇರಲಿ ಬಿಡ್ರಿ," ಎಂದ ಗೌಡರ ಮುಖ ಸಣ್ಣದಾಯಿತು. "ನಾಕಕ್ಕ ಹುಬ್ಬಳ್ಳ್ಯಾಗ ಇನ್ನೊಂದ ಹೆಣ್ಣ ನೋಡಾಕ ಹೋಗೂದಿತ್ತು. ಹಿಂಗ ಹೆಂಗ ಹೋಗ್ಲಿ?"

ಇನ್ನೊಂದು ಹೆಣ್ಣು ಎಂದ ಕೂಡಲೇ ಅಡುಗೆಮನೆಯಲ್ಲಿ ಪಾತ್ರೆಯ ಸದ್ದು ನಿಂತಿತು. ಆದ ಅನಾಹುತಕ್ಕೆ ಪರಿಹಾರ ಮಾಡಬೇಕೆಂಬ ಹುರುಪಿನಲ್ಲಿ ನಾನು, "ಚಿಂತಿ ಬ್ಯಾಡ್ರಿ, ನಮ್ಮ ಮಷಿನ್ ಒಂದ ತಾಸಿನ್ಯಾಗ ಒಗದು ಹಿಂಡಿ ಕೊಡ್ತೈತಿ," ಎಂದೆ. ಅವ್ವ ಬಾಗಿಲ ಹಿಂದಿನಿಂದ ಬೇಡವೆಂದು ತಲೆ ಆಡಿಸಿದ್ದು ಕಾಣಿಸಿತು. ನನ್ನನ್ನು ತಡೆಯುವಷ್ಟು ಕಾಣಿಸಲಿಲ್ಲ. ನನ್ನ ಪ್ಯಾಂಟು ಗೌಡರ ಒಂದು ಕಾಲಿಗಷ್ಟೇ ಆಗುವಂಥದ್ದು, ಹೀಗಾಗಿ ಅವರಿಗೆ ನನ್ನ ಚೌಕಡಿ ಲುಂಗಿ ಉಡಿಸಿ ಧೋತರವನ್ನು ಮಷಿನ್ನಿಗೆ ಹಾಕಿದೆ.

ಮಷಿನ್ ನೀರು ತುಂಬಿಕೊಂಡಿತು, ನಾಲ್ಕು ಸುತ್ತು ತಿರುಗಿತು. ಕರೆಂಟು ಹೋಯಿತು.

ಗೌಡರು ಮಷಿನ್ನಿನ ಬಾಗಿಲು ಎಳೆದು ನೋಡಿದರು. ಬರಲಿಲ್ಲ. "ಒಳಗ ನೀರಿದ್ದಾಗ ತಗೀಬಾರದು ಅಂತ ಅದಕ್ಕ ಕಲಿಸ್ಯಾರ್ರಿ," ಎಂದೆ. ಅಲ್ಲಿಂದ ಮತ್ತೆ ಪಾಠಕ್ಕೆ ದಾರಿಯಾಯಿತು. ಕೋಣೆ ತುಂಬುತ್ತಿದ್ದ ಯಂತ್ರ ಉಗುರಿನಷ್ಟಾಗಿ ಬೇರೆ ಯಂತ್ರದ ಹೊಟ್ಟೆಯೊಳಗೆ ಸೇರಿಕೊಂಡದ್ದು, ಕಾಲೇಜಿನ ಕಂಪ್ಯೂಟರ್ ನೂರು ಕೆಲಸ ಮಾಡಿದರೆ ಇದು ಒಂದನ್ನೇ ಮಾಡುವುದು, ಎಲ್ಲ ಹೇಳಿದೆ. ಕರೆಂಟಿಲ್ಲದ್ದರಿಂದ ಅವ್ವನಿಗೆ ಮಿಕ್ಸರ್ ಹಚ್ಚುವ ದಾರಿಯೂ ಇರಲಿಲ್ಲ.

ಕರೆಂಟು ಬಂತು. ಮಷಿನ್ ಆ ತನಕ ಮಾಡಿದ್ದನ್ನೆಲ್ಲ ಮರೆತು ಮೊದಲಿನಿಂದ ಶುರು ಮಾಡಿತು.

"ಅಲ್ರಿ, ಇದಕ್ಕ ತಲಿ ಐತಿ ಅಂದ್ರಿ?" ಎಂದರು ಗೌಡರು.

"ಐತ್ರಿ. ನೆನಪಿಲ್ಲ."

ಎರಡನೆಯ ಸಲವೂ ಕರೆಂಟು ಹೋದಾಗ ಗಂಟೆ ನಾಲ್ಕಾಗಿತ್ತು. ಗೌಡರು ಲುಂಗಿ ಬಿಗಿ ಹಿಡಿದುಕೊಂಡು ನಮ್ಮ ಫೋನಿನಿಂದಲೇ ಹುಬ್ಬಳ್ಳಿಯವರಿಗೆ ಹೇಳಿದರು: "ಬರಾಕ ಆಗೂದಿಲ್ರಿ. ನನ್ನ ಧೋತರ ಕಂಪ್ಯೂಟರಿನೊಳಗ ಸಿಕ್ಕೊಂಡೈತಿ." ಆ ಕಡೆ ಏನೋ ಕೇಳಿದರು. "ಇಲ್ರಿ, ಕುಡದಿಲ್ಲ. ಚಹಾ ಸೈತ ಕುಡದಿಲ್ಲ, ಮೈಮ್ಯಾಲ ಬಿತ್ತು." ಫೋನ್ ಇಟ್ಟ ಸದ್ದು ನನಗೂ ಕೇಳಿಸಿತು.

ಒಳಗಿನಿಂದ ವಸುಧಾ ನಕ್ಕಳು. ಹೆಣ್ಣು ನೋಡಲು ಬಂದವರ ಎದುರು ನಗಬಾರದೆಂದು ಸೆರಗು ಬಾಯಿಗೊತ್ತಿಕೊಂಡರೂ ನಗು ನಿಲ್ಲಲಿಲ್ಲ. ಬೇರೆ ಚಹಾ ತಂದಿಟ್ಟು, "ತಪ್ಪ ತಿಳ್ಕೋಬ್ಯಾಡ್ರಿ ಕಾಕಾ. ಅಣ್ಣನ ಪಾಠ ಮುಗಿಯೂ ತನಕ ಅದು ಬಾಗಲಾ ತಗಿಯೂದಿಲ್ಲ ಅನಸ್ತೈತಿ," ಎಂದಳು. ಗೌಡರು ಅವಳನ್ನೊಮ್ಮೆ, ತಮ್ಮ ಲುಂಗಿಯನ್ನೊಮ್ಮೆ ನೋಡಿ ತಾವೂ ನಕ್ಕರು. ಆಮೇಲೆ ಅವರಿಬ್ಬರೇ ಮಾತಿಗೆ ಕುಳಿತರು. ಬೆಳೆ, ಎಮ್ಮೆ, ಮಗನ ಸಿಟ್ಟು, ಅವಳು ಕಲಿಸುವ ಶಾಲೆಯ ಮಕ್ಕಳು. ನಾನು ನಡುವೆ ಟ್ರಾನ್ಸಿಸ್ಟರಿನ ಮಾತು ತರಲು ಎರಡು ಸಲ ಪ್ರಯತ್ನಿಸಿದೆ, ಯಾರೂ ಜಾಗ ಕೊಡಲಿಲ್ಲ.

ಕೊನೆಗೂ ಕರೆಂಟು ಬಂದು ಮಷಿನ್ ಬಾಗಿಲು ತೆಗೆಯಿತು. ಸಂಜೆ ಒಣಗಿದ ಧೋತರ ಉಟ್ಟುಕೊಂಡು ಗೌಡರು ಅವ್ವನಿಗೆ, "ಹುಡುಗಿ ನಮಗ ಪಸಂದ್ ಬಿತ್ರಿ. ನನ್ನ ಮಗಗ ನಗೂ ಹೆಂಡ್ತೀನ ಬೇಕು. ಬರೂ ಐತವಾರ ಅವನ್ನ ಕರಕೊಂಡ ಬರ್ತೇನಿ," ಎಂದರು. ಅವ್ವ ಕಣ್ಣೊರೆಸಿಕೊಂಡು, ನಿಮ್ಮ ಕಡೆಯಿಂದ ಏನಾದರೂ ಬೇಡಿಕೆ ಇದೆಯೇ ಎಂದು ಅಂಜುತ್ತ ಕೇಳಿದಳು.

"ಕೊಡೂದು ತಗೊಳ್ಳೂದು ಏನೂ ಬ್ಯಾಡ್ರಿ. ಒಂದ ಮಾತು," ಎಂದು ಗೌಡರು ನನ್ನ ಕಡೆ ಕಣ್ಣು ಹಾಯಿಸಿ ದನಿ ತಗ್ಗಿಸಿದರು. "ಲಗ್ನದಾಗ ಸರ ಕೈಯಾಗ ಮೈಕ್ ಕೊಡಬ್ಯಾಡ್ರಿ."

ಅವ್ವ ನನ್ನನ್ನು ಒಂದು ಮಾತು ಕೇಳುವಳೆಂದು ಕಾಯ್ದೆ. ಅವಳು ಅಷ್ಟರಲ್ಲಿ ಒಪ್ಪಿಯಾಗಿತ್ತು.