ಸೋಮವಾರದೊಳಗೆ ಟೈಮ್‌ಟೇಬಲ್

ಕಾಲೇಜಿನಲ್ಲಿ ಟೈಮ್‌ಟೇಬಲ್ ಹಾಕುವವರಿಗೆ ವರ್ಷಕ್ಕೆರಡು ಸಲ ನಿದ್ದೆ ಕೆಡುತ್ತದೆ. ನನಗೆ ಕೆಲಸಕ್ಕೆ ಸೇರಿದ ಮೂರನೇ ವಾರಕ್ಕೇ ಕೆಟ್ಟಿತು. ಚಿಕ್ಕಬಳ್ಳಾಪುರಕ್ಕೆ ಇಂಗ್ಲಿಷ್ ಪಾಠ ಮಾಡಲು ಬಂದವಳ ಕೈಗೆ ಪ್ರಿನ್ಸಿಪಾಲರು ಅಧ್ಯಾಪಕರ ಪಟ್ಟಿ ಕೊಟ್ಟು, "ಎಲ್ಲರ ಅನುಕೂಲ ಕೇಳಿ ಕ್ಲಾಸು ಹಂಚಮ್ಮ. ಸೋಮವಾರ ಒಂದು ರೂಮೂ ಖಾಲಿ ಇರಬಾರದು. ಇದ್ರೆ ಅಲ್ಲಿ ನೀನೇ ಹೋಗಿ ನಿಂತ್ಕೋಬೇಕು" ಅಂದರು. ಪ್ರೊಬೇಷನ್ನಿನಲ್ಲಿದ್ದೆ. ತಲೆಯಾಡಿಸಿದೆ.

ಯಾವುದಾದ್ರೂ ಹಾಕಿ

ಹಿಸ್ಟರಿ ಮೇಷ್ಟ್ರು ಗೌರಿಬಿದನೂರಿನಿಂದ ಓಡಾಡುವವರು. ಮೊದಲ ಪೀರಿಯಡ್ ಕೊಟ್ಟೆ.

"ಬಸ್ಸು ಅಷ್ಟೊತ್ತಿಗೆ ಬರಲ್ಲ ಮೇಡಂ."

"ಕೊನೇದು?"

"ವಾಪಸ್ ಹೋಗೋ ಬಸ್ಸು ತಪ್ಪತ್ತೆ."

"ಊಟ ಆದ್ಮೇಲೆ?"

"ಹುಡುಗರು ತೂಕಡಿಸ್ತಾರೆ."

"ಊಟಕ್ಕೆ ಮುಂಚೆ?"

"ನಾನೇ ತೂಕಡಿಸ್ತೀನಿ."

"ಹಾಗಾದ್ರೆ ಯಾವುದು ಹಾಕ್ಲಿ ಸಾರ್?" ಅಂದೆ.

"ಯಾವುದಾದ್ರೂ ಹಾಕಿ. ನಂದೇನೂ ತಕರಾರಿಲ್ಲ."

ಹುಳಕ್ಕೆ ಗೊತ್ತು

ಶಿಡ್ಲಘಟ್ಟದ ಎಕನಾಮಿಕ್ಸ್ ಮೇಷ್ಟ್ರ ಮನೆಯಲ್ಲಿ ರೇಷ್ಮೆಹುಳು ಸಾಕುತ್ತಾರೆ. ಹುಳು ಹಣ್ಣಾಗಿ ಗೂಡು ಕಟ್ಟುವ ಎರಡು ದಿನ ಮನೆಮಂದಿಯೆಲ್ಲ ಕೈಹಾಕಬೇಕಂತೆ. "ಆ ಎರಡು ದಿನ ಕ್ಲಾಸ್ ಬೇಡ ಮೇಡಂ."

"ಯಾವ ಎರಡು ದಿನ ಸಾರ್?"

"ಅದು ಹುಳಕ್ಕೆ ಗೊತ್ತು."

ಬೇರೆ ದಾರಿ ಕಾಣದೆ ಅವರ ಹೆಸರಿನ ಮುಂದೆ 'ಹುಳು ಒಪ್ಪಿದರೆ' ಅಂತ ಪೆನ್ಸಿಲ್ಲಿನಲ್ಲಿ ಬರೆದುಕೊಂಡೆ. ಅಳಿಸುವುದು ಮರೆತು ಕಾಪಿ ಪ್ರಿನ್ಸಿಪಾಲರ ಟೇಬಲ್ಲಿಗೆ ಹೋಯಿತು. ಕರೆಸಿದರು.

"ಈ ಹುಳು ಯಾವ ಡಿಪಾರ್ಟ್‌ಮೆಂಟಮ್ಮ?"

ಒಪ್ಪಿದ ಒಬ್ಬರು

ಶನಿವಾರ ಮಧ್ಯಾಹ್ನಕ್ಕೆ ಕೆಮಿಸ್ಟ್ರಿ ಮಾತ್ರ ಉಳಿದಿತ್ತು. ಪಟ್ಟಿಯ ಕೊನೆಯ ಹೆಸರು ಚಿಂತಾಮಣಿಯ ಒಬ್ಬ ಸಾಹೇಬರದು. ಅವರೂ ಆಗಲ್ಲ ಅಂದರೆ ಆ ರೂಮಿನಲ್ಲಿ ನಾನು ನಿಲ್ಲಬೇಕು. ನನಗೆ ಗೊತ್ತಿದ್ದ ಕೆಮಿಸ್ಟ್ರಿ ಅಂದರೆ ಉಪ್ಪು, ಅಡುಗೆ ಸೋಡ. ಫೋನ್ ಮಾಡಿದೆ.

"ಸೋಮವಾರ ಮೊದಲ ಪೀರಿಯಡ್ ಬಿಡುವಿದ್ರೆ, ಸಾರ್..."

"ಆಯ್ತು ಬೇಟಿ."

"ಕೊನೆ ಪೀರಿಯಡ್ಡೂ..."

"ಅದೂ ಆಯ್ತು."

"ಶನಿವಾರ?"

"ಖುಷಿಯಾಗಿ ಬರ್ತೀನಿ."

ಫೋನಿಟ್ಟು ಅತ್ತೇಬಿಟ್ಟೆ.

ಸೋಮವಾರ ಬೆಲ್ಲಿಗೆ ಮುಂಚೆಯೇ ಸಾಹೇಬರು ಇಸ್ತ್ರಿ ಅಂಗಿಯಲ್ಲಿ ಹಾಜರ್. ಹುಡುಗರು ಪಿಟ್ಟೆನ್ನದೆ ಕೇಳುತ್ತಿದ್ದರು. ಎಲ್ಲ ರೂಮು ನೋಡುತ್ತ ಬಂದ ಪ್ರಿನ್ಸಿಪಾಲರು ಕಿಟಕಿಯಲ್ಲಿ ಇಣುಕಿ ಬೆಚ್ಚಿಬಿದ್ದರು.

"ಏನಮ್ಮ ಇದು! ಇವರು ಹೋದ ವರ್ಷವೇ ರಿಟೈರ್ ಆದ್ರು!"

ನನಗೆ ಕೊಟ್ಟಿದ್ದು ಹಳೇ ಪಟ್ಟಿ. ಬಂದ ಕೆಲಸ ಮೂರೇ ವಾರಕ್ಕೆ ಹೋಯಿತು ಅಂದುಕೊಂಡೆ.

ಸಾಹೇಬರು ಹೊರಗೆ ಬಂದರು. "ಆ ಮಗೂನ ಬೈಬೇಡಿ. ಮನೇಲಿ ಕೂತು ವರ್ಷ ಆಯ್ತು, ನಿಮಗೆ ಯಾವಾಗ ಬಿಡುವು ಅಂತ ಒಬ್ರೂ ಕೇಳಿರ್ಲಿಲ್ಲ. ಇವಳು ಕೇಳಿದ್ಲು. ಬಂದೆ."

"ಅಲ್ಲ ಸಾರ್, ನಾವೇ ಶಾಲು ಹೊದಿಸಿ ಕಳಿಸಿದ್ವಲ್ಲ!"

ಸಾಹೇಬರು ಬ್ಯಾಗಿನ ಜಿಪ್ ಎಳೆದರು.

"ಹಾಗಂತೀರಿ ಅಂತ ಗೊತ್ತಿತ್ತು. ತಂದಿದ್ದೀನಿ, ವಾಪಸ್ ತಗೊಳ್ಳಿ."