ಎಡಕ್ಕೆ ತಿರುಗಿದರೆ ಕೂಗುವ ಕಾರು

"ಇವತ್ತು ಆ ಗ್ಯಾರೇಜಿನವನಿಗೆ ಗ್ರಾಹಕ ಅಂದರೆ ಏನು ಅಂತ ತೋರಿಸದಿದ್ದರೆ ನನ್ನ ಹೆಸರು ಲಕ್ಷ್ಮೀಕಾಂತನೇ ಅಲ್ಲ!" ಎಂದು ಸೋಮವಾರ ಬೆಳಿಗ್ಗೆ ಅಡುಗೆಮನೆಯ ಬಾಗಿಲಲ್ಲಿ ನಿಂತು ಘೋಷಿಸಿದೆ.

ಚಟ್ನಿಗೆ ಒಗ್ಗರಣೆ ಹಾಕುತ್ತಿದ್ದ ನನ್ನ ಹೆಂಡತಿ ಮಧುಶ್ರೀ ತಿರುಗಿಯೂ ನೋಡಲಿಲ್ಲ. "ಹೆಸರು ಬದಲಾಯಿಸೋದಾದ್ರೆ ಆಧಾರ್ ಕಾರ್ಡಲ್ಲೂ ಮಾಡಿಸ್ಬೇಕು ರೀ, ಅಲ್ಲಿ ಕ್ಯೂ ಜಾಸ್ತಿ" ಎಂದಳು.

ನಾನೇನು ಸಾಮಾನ್ಯ ಮನುಷ್ಯನಲ್ಲ ಸ್ವಾಮಿ! ತುಮಕೂರಿನ ಕಾಲೇಜೊಂದರಲ್ಲಿ ರಾಜ್ಯಶಾಸ್ತ್ರದ ಮೇಷ್ಟ್ರು. ನಾನು ಗ್ರಾಹಕರ ಹಕ್ಕುಗಳ ಪಾಠ ಮಾಡಿದರೆ ಕೊನೆಯ ಬೆಂಚಿನವರೂ ಬೆಚ್ಚಿ ಎದ್ದು ಕೂರುತ್ತಾರೆ. ಪಾಠಕ್ಕಲ್ಲ, ಗಂಟಲಿಗೆ. ಇಂಥ ಮಹಾನುಭಾವನ ಕಾರಿಗೇ ಗುಬ್ಬಿ ಗೇಟಿನ ಹತ್ತಿರ ಗ್ಯಾರೇಜಿಟ್ಟ ಮುತ್ತುರಾಜ್ ಎಂಬವನು ಕೈ ಚಳಕ ತೋರಿಸಿದ್ದ. ಸ್ಟೀರಿಂಗ್ ಬಿಗಿಯಾಗಿದೆ ಎಂದು ಬಿಟ್ಟು ಬಂದಿದ್ದೆ. ಸ್ಟೀರಿಂಗ್ ಬೆಣ್ಣೆಯಂತಾಯಿತು, ಅದರಲ್ಲಿ ಎರಡು ಮಾತಿಲ್ಲ. ಆದರೆ ಪುಣ್ಯಾತ್ಮ ಒಳಗೆ ಯಾವ ವೈರಿಗೆ ಯಾವ ವೈರನ್ನು ಗಂಟು ಹಾಕಿದನೋ, ಕಾರನ್ನು ಎಡಕ್ಕೆ ತಿರುಗಿಸಿದರೆ ಸಾಕು, ಹಾರ್ನ್ ತನ್ನಷ್ಟಕ್ಕೆ ತಾನೇ ಬಡಿದುಕೊಳ್ಳತೊಡಗಿತು! ನೇರ ಹೋದರೆ ಸಾಧು. ಬಲಕ್ಕೆ ತಿರುಗಿದರೆ ಪರಮ ಸಾಧು. ಎಡಕ್ಕೆ ಮಾತ್ರ, ತಿರುವು ಮುಗಿಯುವ ತನಕ "ಪೇಂsss" ಎಂಬ ಒಂದೇ ರಾಗ!

ನಮ್ಮ ಬೀದಿಗೆ ಬರಲು ಎಡಕ್ಕೇ ತಿರುಗಬೇಕು. ಮೂಲೆಮನೆಯ ನರಸಿಂಹಯ್ಯನವರು ರಿಟೈರಾಗಿ ಮನೆಯಲ್ಲಿದ್ದಾರೆ. ನಾನು ತಿರುಗಿದಾಗಲೆಲ್ಲ ಪಂಚೆ ಎತ್ತಿಕೊಂಡು ಓಡಿ ಬಂದು, "ಕರೆದ್ರಾ ಮೇಷ್ಟ್ರೇ?" ಎನ್ನುತ್ತಿದ್ದರು. ಇಲ್ಲ ಎನ್ನಲು ಸಂಕೋಚ. "ಹೂಂ ಸಾರ್, ಕಾಫಿಗೆ" ಎನ್ನುತ್ತಿದ್ದೆ. ನಾಲ್ಕು ದಿನದಲ್ಲಿ ಡಬ್ಬಿಯ ಕಾಫಿಪುಡಿ ತಳ ಕಂಡಿತು. ಬಿ.ಎಚ್. ರಸ್ತೆಯಲ್ಲಿ ಮುಂದಿದ್ದ ಸ್ಕೂಟರಿನ ಅಜ್ಜ ಇಳಿದು ಬಂದು, "ಏನ್ಲಾ, ನಿಮ್ಮಪ್ಪನ ರೋಡಾ ಇದು?" ಎಂದು ಕೇಳಿದ. ಕೊನೆಗೆ ನಾನು ಬಲಕ್ಕೆ ಮಾತ್ರ ತಿರುಗುತ್ತ ಕಾಲೇಜು ತಲುಪುವ ದಾರಿಯನ್ನು ಸಂಶೋಧಿಸಿದೆ. ಅರ್ಧ ತುಮಕೂರು ಪ್ರದಕ್ಷಿಣೆ ಹಾಕಿದರೆ ಸಾಕು, ತಲುಪಬಹುದು.

ಬೇರೆ ಗ್ಯಾರೇಜಿಗೆ ತೋರಿಸಬಹುದಿತ್ತಲ್ಲ ಎನ್ನುತ್ತೀರಿ. ಮಧುಶ್ರೀಯೂ ಅದನ್ನೇ ಅಂದಳು. ಆದರೆ ತಪ್ಪು ಮಾಡಿದವನೇ ತಿದ್ದಬೇಕು, ಅದು ಸಿದ್ಧಾಂತ! ಸಿದ್ಧಾಂತ ಬಿಟ್ಟವನು ರಾಜ್ಯಶಾಸ್ತ್ರ ಹೇಗೆ ಪಾಠ ಮಾಡಿಯಾನು?

ನಿಜವಾದ ಸಂಕಟ ಬೇರೆ ಇತ್ತು. ಬರುವ ಭಾನುವಾರ ಕುಣಿಗಲ್ಲಿನಲ್ಲಿ ನನ್ನ ಭಾಮೈದ ತಿಮ್ಮರಾಜುವಿನ ಹೊಸ ಮನೆಯ ಗೃಹಪ್ರವೇಶ. "ನಮ್ ಭಾವಂಗೆ ಪುಸ್ತಕ ಬಿಟ್ರೆ ಲೋಕದ ವ್ಯವಹಾರ ಒಂದೂ ತಿಳೀದು" ಎಂದು ಮದುವೆಯಾದಾಗಿನಿಂದ ಆಡಿಕೊಂಡು ನಗುವ ಆಸಾಮಿ ಅವನು. ಅವನ ಹೊಸ ಮನೆಯೋ, ಮೇನ್ ರೋಡಿನಿಂದ ಎಡಕ್ಕೆ! ಅತ್ತೆ ಮನೆಯ ಅಷ್ಟೂ ಬಳಗದ ಮುಂದೆ ನನ್ನ ಮಾನ ಉಳಿಯಬೇಕಾದರೆ ಭಾನುವಾರದೊಳಗೆ ಕಾರು ಬಾಯಿ ಮುಚ್ಚಬೇಕಿತ್ತು.

"ಅದರ ಬಾಯಿ ಮುಚ್ಚದಿದ್ರೆ ನಾನು ಬಸ್ಸಲ್ಲಿ ಹೋಗ್ತೀನಿ. ನೀವು ಓಲಗ ಊದ್ಕೊಂಡು ಹಿಂದಿಂದ ಬನ್ನಿ" ಎಂದು ಮಧುಶ್ರೀ ತೀರ್ಪು ಕೊಟ್ಟಳು.

ಸರಿ, ಸೋಮವಾರವೇ ಗ್ಯಾರೇಜಿಗೆ ದಂಡೆತ್ತಿ ಹೋದೆ. ದಾರಿಯುದ್ದಕ್ಕೂ ಅಭ್ಯಾಸ ಮಾಡಿದ್ದೆ: "ಗ್ರಾಹಕರ ನ್ಯಾಯಾಲಯಕ್ಕೆ ಎಳೀತೀನಿ ಹುಷಾರ್!" ಮುತ್ತುರಾಜ್ ಯಾವುದೋ ಕಾರಿನ ಕೆಳಗಿನಿಂದ ಜಾರಿ ಬಂದು ಎದ್ದು ನಿಂತ. ನಾನು ಸೊಂಟದ ಮೇಲೆ ಕೈಯಿಟ್ಟು, ಎದೆಯುಬ್ಬಿಸಿ, ಬಾಯಿ ತೆರೆದೆ. ಏನು ಹೊರಗೆ ಬಂತು ಗೊತ್ತೇ?

"ಯಾವೂರಪ್ಪ ನಿಂದು?"

ನನ್ನ ತಪ್ಪಲ್ಲ ಸ್ವಾಮಿ, ನಮ್ಮ ಸೀಮೆಯ ನಾಲಿಗೆಯ ತಪ್ಪು! ಹೆಚ್ಚು ಪರಿಚಯವಿಲ್ಲದ ಮುಖ ಕಂಡರೆ ಊರು ಕೇಳದೆ ನಮ್ಮ ಕಡೆಯವರಿಗೆ ಮಾತು ಹುಟ್ಟುವುದೇ ಇಲ್ಲ.

"ಇಲ್ಲೇ ಗುಬ್ಬಿ ಪಕ್ಕ ಸಾ" ಎಂದ.

"ಹೆಂಡ್ತಿ ಕಡೆ?"

"ಕುಣಿಗಲ್ ತಾಲ್ಲೂಕು. ಹುತ್ರಿದುರ್ಗದ ತಾವ."

"ಅರೆರೆ! ನನ್ನ ಹೆಂಡ್ತಿದೂ ಅದೇ ಕಡೆ! ಮನೆದೇವ್ರು ಯಾವುದು?"

ಮನೆದೇವರೂ ಒಂದೇ ಆಯಿತು! ಮನೆದೇವರು ಒಂದೇ ಆದ ಮೇಲೆ ಅವನ ಹೆಂಡತಿ ಕಾವ್ಯ, ನನ್ನ ಹೆಂಡತಿ ಮಧುಶ್ರೀ ಅಕ್ಕತಂಗಿಯರಾದರು. ಅವರು ಅಕ್ಕತಂಗಿಯರಾದ ಮೇಲೆ ನಾವಿಬ್ಬರೂ ಷಡ್ಡಕರು! ಮುತ್ತುರಾಜನ ಕಣ್ಣು ಒದ್ದೆಯಾಯಿತು. "ಅಯ್ಯೋ, ನೀವು ನಮ್ಮೋರು! ಇಷ್ಟ್ ದಿನ ಗೊತ್ತೇ ಆಗ್ನಿಲ್ವಲ್ಲಣ್ಣ!" ಎಂದು ಗ್ರೀಸ್ ಮೆತ್ತಿದ ಕೈಯಿಂದಲೇ ನನ್ನ ಕೈ ಹಿಡಿದ. ಕಾಫಿ ಬಂತು. ನ್ಯಾಯಾಲಯದ ಮಾತು ಕಾಫಿಯ ಜೊತೆಗೆ ಹೊಟ್ಟೆಯೊಳಕ್ಕೆ ಇಳಿಯಿತು.

ಮನೆಗೆ ಬಂದೆ. ನರಸಿಂಹಯ್ಯನವರೂ ಬಂದರು.

"ಏನಾಯ್ತು ರೀ?" ಮಧುಶ್ರೀ ಕೇಳಿದಳು.

"ನಿನಗೊಬ್ಬಳು ತಂಗಿ ಸಿಕ್ಕಿದ್ಲು ಕಣೇ!"

"ಹಾರ್ನು?"

"ಅದು... ನಾಡಿದ್ದು ಬಾರಣ್ಣ ಅಂದವ್ನೆ."

ಬುಧವಾರ ಹೋದರೆ ಮುತ್ತುರಾಜ್ ಕ್ಯಾಲೆಂಡರ್ ತೋರಿಸಿದ. "ಇವತ್ತು ಅಮಾಸೆ ಅಣ್ಣ. ಬೇರೆಯೋರ ಕಾರಾದ್ರೆ ಹೆಂಗೋ ಬಿಚ್ಚಾಕ್ತೀನಿ. ನಮ್ಮೋರ ಕಾರಿಗೆ ಅಮಾಸೆ ದಿನ ಸ್ಪಾನರ್ ಹಾಕೋಕಾಯ್ತದಾ? ನಾಳೆ ಏನಾರ ಹೆಚ್ಚುಕಮ್ಮಿ ಆದ್ರೆ ನನ್ ಮನ್ಸೇ ನನ್ನ ಕಿತ್ತು ತಿನ್ತದೆ!" ಅವನ ಕಾಳಜಿಗೆ ನನ್ನ ಗಂಟಲೇ ಕಟ್ಟಿತು. ಮನೆಗೆ ಬಂದು ಹೇಳಿದೆ. "ನಿಮ್ಮ ಗಂಟಲು ಕಟ್ಟೋ ಬದಲು ಕಾರಿನ ಗಂಟಲು ಕಟ್ಟಿದ್ರೆ ಚೆನ್ನಾಗಿತ್ತು" ಎಂದು ಅವಳು ಒಳಗೆ ಹೋದಳು.

ಶುಕ್ರವಾರ ಶಪಥ ಮಾಡಿಯೇ ಹೊರಟೆ. ಕೂರುವುದಿಲ್ಲ, ಕುಡಿಯುವುದಿಲ್ಲ, ನಗುವುದಿಲ್ಲ! ನಿಂತುಕೊಂಡೇ ಕೆಲಸ ಮಾಡಿಸುವುದು! ಆದರೆ ಗ್ಯಾರೇಜಿನ ಹಿಂದೆಯೇ ಮನೆ, ಮನೆಯೊಳಗೆ ಅವನ ತಾಯಿ ಹನುಮಂತಮ್ಮ. ಆಕೆ ಸೆರಗಿಗೆ ಕೈ ಒರೆಸಿಕೊಂಡು ಹೊರಬಂದವರೇ, "ನೆಂಟ್ರು ಬೀದೀಲಿ ನಿಂತ್ಕಂಡು ಮಾತಾಡ್ತಾರೇನಪ್ಪ? ಕಂಡೋರು ಏನಂದ್ಕಂಡಾರು? ಬಾ ಮಗ, ಬಿಸಿ ಮುದ್ದೆ ಐತೆ" ಎಂದು ರಟ್ಟೆ ಹಿಡಿದು ಎಳೆದರು. ಮುದ್ದೆ, ಬಸ್ಸಾರು, ಮೇಲೊಂದಿಷ್ಟು ತುಪ್ಪ. ಬಸ್ಸಾರು ಉಂಡ ಬಾಯಲ್ಲಿ ಬೈಗುಳ ಬರುವುದುಂಟೇ? ತೇಗು ಬಂತು, ಅಷ್ಟೇ! ತೇಗಿದ ಖುಷಿಯಲ್ಲಿ ನಾನು ಇನ್ನೊಂದು ಘನಕಾರ್ಯ ಮಾಡಿದೆ. "ಭಾನುವಾರ ನಮ್ಮ ತಿಮ್ಮರಾಜು ಮನೆ ಗೃಹಪ್ರವೇಶ. ಮನೆಮಂದಿಯೆಲ್ಲ ಬರಲೇಬೇಕು!" ಎಂದು ಕರೆದುಬಿಟ್ಟೆ.

"ಜಗಳ ಆಡೋಕೆ ಹೋಗಿ ಊಟಕ್ಕೆ ಕರೆದು ಬಂದ್ರಾ?" ಮಧುಶ್ರೀ ಹಣೆ ಚಚ್ಚಿಕೊಂಡಳು. "ನಿಮ್ಮನ್ನ ಯುದ್ಧಕ್ಕೆ ಕಳಿಸಿದ್ರೆ ಶತ್ರೂಗೆ ಆರತಿ ಎತ್ತಿ ಬರ್ತೀರ ನೀವು!"

ಭಾನುವಾರ ಬಂದೇ ಬಂತು. ಮಧುಶ್ರೀ ಹೇಳಿದಂತೆಯೇ ಬೆಳಗಿನ ಬಸ್ಸು ಹತ್ತಿ ಹೋದಳು. ನಾನೊಬ್ಬನೇ ಕಾರಿನಲ್ಲಿ ಕುಣಿಗಲ್ಲು ತಲುಪಿ, ತಿಮ್ಮರಾಜುವಿನ ಬೀದಿಯ ತುದಿಯಲ್ಲಿ ಗಾಡಿ ನಿಲ್ಲಿಸಿ, ದೇವರಾಯನದುರ್ಗದ ನರಸಿಂಹಸ್ವಾಮಿಗೆ ಹರಕೆ ಹೊತ್ತು, ಮೆಲ್ಲಗೆ, ಕಳ್ಳನ ಹಾಗೆ ಎಡಕ್ಕೆ ತಿರುಗಿಸಿದೆ.

"ಪೇಂssssss!"

ಮೆಲ್ಲಗೆ ತಿರುಗಿಸಿದ್ದರಿಂದ ಕೂಗು ಇನ್ನೂ ಉದ್ದವಾಯಿತು! ಪುರೋಹಿತರು ಮಂತ್ರ ನಿಲ್ಲಿಸಿದರು. ಕಟ್ಟಿಹಾಕಿದ್ದ ಗೋವು ಹಗ್ಗ ಜಗ್ಗಿತು. ಶಾಮಿಯಾನದ ತುಂಬ ಇದ್ದ ಬಳಗವೆಲ್ಲ ಎದ್ದು ನಿಂತು ನೋಡಿತು. ತಿಮ್ಮರಾಜು ಬಿಳಿ ಪಂಚೆ ಉಟ್ಟುಕೊಂಡು ಬಂದು ಕಾರಿನ ಬಾಗಿಲು ತೆಗೆದ. "ಗೊತ್ತಾಯ್ತು ಬುಡಿ ಭಾವ, ನೀವು ಬಂದಿದ್ದು ಮಾಗಡಿಗೂ ಗೊತ್ತಾಯ್ತು" ಎಂದ. ಎಲ್ಲರೂ ನಕ್ಕರು. ಮಧುಶ್ರೀ ನನ್ನನ್ನು ನೋಡಿಯೇ ಇಲ್ಲದವಳಂತೆ ಹೂವಿನ ಬುಟ್ಟಿ ಎತ್ತಿಕೊಂಡು ಒಳಗೆ ಹೋದಳು. ನನಗೆ ಭೂಮಿ ಬಾಯಿಬಿಡಬಾರದೇ ಎನ್ನಿಸಿತು.

ಊಟದ ಹೊತ್ತಿಗೆ ಮುತ್ತುರಾಜ್ ಸಂಸಾರ ಸಮೇತ ನನ್ನ ಪಕ್ಕದ ಎಲೆಗೇ ಬಂದು ಕೂತ. ಒಬ್ಬಟ್ಟು ಬಡಿಸುತ್ತ ಬಂದ ತಿಮ್ಮರಾಜು ಅವನನ್ನು ಕಂಡು ಗಕ್ಕನೆ ನಿಂತ.

"ಏಯ್, ನೀನು ಗುಬ್ಬಿ ಗೇಟಿನ ಗ್ಯಾರೇಜಿನೋನಲ್ವಾ?"

"ಅಯ್ಯೋ, ಮೊನ್ನೆ ಬೈದೋರು!" ಎಂದು ಮುತ್ತುರಾಜ್ ಅರ್ಧ ಎದ್ದ.

ನಡೆದದ್ದು ಇಷ್ಟು. ಗುರುವಾರ ಸಾಮಾನು ತರಲು ತುಮಕೂರಿಗೆ ಬಂದಿದ್ದ ತಿಮ್ಮರಾಜು ಮುತ್ತುರಾಜನ ಗ್ಯಾರೇಜಿನಲ್ಲೇ ಕಾರಿನ ಕ್ಲಚ್ ರಿಪೇರಿ ಮಾಡಿಸಿದ್ದ. ಗೂಳೂರು ದಾಟುವುದರೊಳಗೆ ಅದು ಕೈ ಕೊಟ್ಟಿತು. ಹೇಗೋ ವಾಪಸ್ ಹೋಗಿ ಬಾಯಿಗೆ ಬಂದಂತೆ ಬೈದ. ಮುತ್ತುರಾಜ್ ಕೈಲಿದ್ದ ಟೀ ಲೋಟ ಕೆಳಗಿಟ್ಟು, ಅಲ್ಲೇ ನಿಂತು, ಅರ್ಧ ಗಂಟೆಯಲ್ಲಿ ಸರಿಮಾಡಿ ಕೊಟ್ಟಿದ್ದ!

ನನ್ನ ಬಾಯಲ್ಲಿದ್ದ ಒಬ್ಬಟ್ಟು ಅಲ್ಲೇ ನಿಂತಿತು. "ಅವನದು ಅರ್ಧ ಗಂಟೇಲಿ! ನಂದು ವಾರದಿಂದ ಕೂಗ್ತಾ ಇದೆ! ಯಾಕಪ್ಪಾ ಮುತ್ತುರಾಜ್?"

"ಅವ್ರು ಯಾರೋ ಗಿರಾಕಿ ಅಂದ್ಕಂಡಿದ್ದೆ ಅಣ್ಣ. ಗಿರಾಕಿ ಕಾಯ್ತಾರಾ? ಬೈತಾರೆ, ಬೇರೆ ಕಡೀಕ್ ಹೊಂಟೋಯ್ತಾರೆ. ನೀವು ನಮ್ಮೋರು, ಎಲ್ಲೋಯ್ತೀರಾ? ನಿಧಾನಕ್ಕೆ ಮಾಡಣ ಅಂತಿದ್ದೆ."

ತಿಮ್ಮರಾಜು ಒಬ್ಬಟ್ಟಿನ ತಟ್ಟೆ ಹಿಡಿದುಕೊಂಡೇ ಬಿದ್ದು ಬಿದ್ದು ನಕ್ಕ. "ಜಗಳಕ್ಕೆ ಹೋದೋರು ಊರ್ ಯಾಕ್ ಕೇಳಕ್ಕೋದ್ರಿ ಭಾವ?"

ಬಳಗವೆಲ್ಲ ಕೇಳಿಸಿಕೊಳ್ಳುತ್ತಿತ್ತು. ಇನ್ನು ಮುಚ್ಚಿಡಲು ಮಾನವೇ ಉಳಿದಿರಲಿಲ್ಲ. ಎಂಜಲು ಕೈಯನ್ನೇ ಜೋಡಿಸಿ ಬೇಡಿಕೊಂಡೆ. "ದಮ್ಮಯ್ಯ ಅಂತೀನಿ ಮುತ್ತುರಾಜ್! ಒಂದೇ ಒಂದು ದಿನ ನನ್ನನ್ನ ನೆಂಟ ಅಂದ್ಕೋಬೇಡ. ಯಾರೋ ದಾರೀಲಿ ಹೋಗೋ ಗಿರಾಕಿ ಅಂದ್ಕೋ. ಬೇಕಾದ್ರೆ ಬೈತೀನಿ!"

ಮುತ್ತುರಾಜ್ ಎಡಗೈಯಲ್ಲಿ ಕೆನ್ನೆ ಬಡಿದುಕೊಂಡ. "ಬುಡ್ತು ಅನ್ನಣ್ಣ! ಹೊಸ ಮನೇಲಿ ಕೂತ್ಕಂಡು ಎಂಥಾ ಮಾತು! ನಿಮ್ ಕಾರು ಬೇರೆ ಅಲ್ಲ, ನಮ್ಮನೆ ಕಾರು ಬೇರೆ ಅಲ್ಲ. ನಮ್ಮನೆ ಕಾರು ಯುಗಾದಿಗೆ ಮುಂಚೆಯಿಂದ ಎಂಜಿನ್ ಬಿಚ್ಕಂಡು ಶೆಡ್ಡಲ್ಲಿ ಬಿದ್ದದೆ. ಮನೇಲಿ ಯಾರಾದ್ರೂ ಒಂದ್ ಮಾತು ಅಂದವ್ರಾ, ಕೇಳಿ?"

ಅವನ ಪಕ್ಕದ ಎಲೆಯಲ್ಲಿದ್ದ ಕಾವ್ಯ ನನ್ನ ಕಡೆಗೆ ನೋಡಿ, ನಿಟ್ಟುಸಿರು ಬಿಟ್ಟು, ಇಲ್ಲ ಎಂದು ತಲೆಯಾಡಿಸಿದಳು.

ನಾನು "ಬಿಡ್ತು" ಎಂದೆ.