ಹೀರೋನ ಮುಖಕ್ಕೆ ಬಾಗಿಲು ಹಾಕಿದ್ದು

ನಟನೆ ಎಂದರೆ ನನಗೆ ನೀರು ಕುಡಿದಷ್ಟು ಸುಲಭ ಎಂದೇ ನಂಬಿದ್ದೆ. ಹೀಗಾಗಿ, ಮದಗದ ಕೆರೆಯ ದಂಡೆಯಲ್ಲಿ ತಮಿಳು ಪ್ರೇಮಚಿತ್ರ ತೆಗೆಯಲು ಬಂದಿದ್ದ ಯುವ ನಿರ್ದೇಶಕ ಮಾಸೂರಿನ ನಮ್ಮ ಮನೆಯ ಬಾಗಿಲನ್ನೂ ನನ್ನ ಮೀಸೆಯನ್ನೂ ನೋಡಿ, "ಹೀರೋಯಿನ್ ಅಪ್ಪ ನೀವೇ ಸಾರ್!" ಎಂದಾಗ ನನಗೆ ಕಿಂಚಿತ್ತೂ ಆಶ್ಚರ್ಯವಾಗಲಿಲ್ಲ. ಅವನಿಗೆ ಅದು ಮೊದಲ ಸಿನಿಮಾ. ನನಗೂ! ಸಂಜೆಯೊಳಗೆ ರಟ್ಟೀಹಳ್ಳಿಯ ಬೀಗರಿಗೂ ಫೋನ್ ಮಾಡಿ ಸುದ್ದಿ ಮುಟ್ಟಿಸಿಬಿಟ್ಟೆ.

ಪಾತ್ರ ಸರಳ. ಹೀರೋ ಉರಿಬಿಸಿಲಲ್ಲಿ ನಡೆದು ಬಂದು ಹೆಣ್ಣು ಕೇಳುತ್ತಾನೆ. ನಾನು ತುಟಿ ಬಿಚ್ಚದೆ ದುರುಗುಟ್ಟಿ ನೋಡಿ ಅವನ ಮುಖಕ್ಕೇ ಬಾಗಿಲು ಹಾಕಬೇಕು.

ಹೀರೋ ಬಂದ. ಮೈಯೆಲ್ಲ ಬೆವರು, ಕಾಲೆಲ್ಲ ಧೂಳು. ನಾನು ದುರುಗುಟ್ಟಿದೆ. ಬಾಯಿ ಮಾತ್ರ ತಾನಾಗಿಯೇ ಹೇಳಿತು, "ಬರ್ರಿ ಬರ್ರಿ, ಒಳಗ ಬರ್ರಿ, ಭಾಳ ಬಿಸಲೈತಿ!"

"ಕಟ್! ಸಿಟ್ಟು ಬೇಕು ಸಾರ್, ಸಿಟ್ಟು!" ನಿರ್ದೇಶಕ ಕೈಮುಗಿದ.

"ಸಿಟ್ಟು ಐತ್ರಿ. ಆದ್ರ ನೀರು ಕೊಟ್ಟ ಮ್ಯಾಲ ಬೈಯೋದು ನಮ್ಮ ಪದ್ಧತಿ."

ಮುಂದಿನ ಸಲ ತುಟಿ ಕಚ್ಚಿ ಹಿಡಿದೆ. ಬಾಯಿ ಸುಮ್ಮನಿತ್ತು. ಕೈ ಹೋಗಿ ಕಟ್ಟೆಯ ಮೇಲೆ ಚಾಪೆ ಹಾಸಿತು! ನಿರ್ದೇಶಕ ತಲೆ ಹಿಡಿದುಕೊಂಡು ಕೂತ. ಹೀರೋ ಮರುದಿನ ಊರಿಗೆ ಹೊರಡುವವನಿದ್ದ. ಹೊತ್ತು ಮುಳುಗಿದರೆ ನಿರ್ದೇಶಕನ ಸಿನಿಮಾವೂ ಮುಳುಗಿದಂತೆ. ಪಾಪ ಅನ್ನಿಸಿತು. ಕಣ್ಣು ಮುಚ್ಚಿ, ಮನೆದೇವರನ್ನು ನೆನೆದು, ಧಡಾರನೆ ಬಾಗಿಲು ಹಾಕಿಯೇಬಿಟ್ಟೆ. ಗೆದ್ದೆ!

ಅಷ್ಟರಲ್ಲಿ ಒಳಗಿನಿಂದ ನನ್ನ ಹೆಂಡತಿ ಶಾಂತಾ ಬಂದು, ನನ್ನನ್ನು ಅತ್ತ ನೂಕಿ, ಬಾಗಿಲು ತೆರೆದಳು. ಕೈಯಲ್ಲಿ ನೀರಿನ ತಂಬಿಗೆ, ಬೆಲ್ಲ.

"ನಿಮಗ ಬುದ್ಧಿ ಐತಿಲ್ಲೋ? ಹೆಣ್ಣು ಕೊಡ್ರಿ, ಬಿಡ್ರಿ. ಮನಿಗೆ ಬಂದಾವನ್ನ ಹಂಗ ಕಳಸ್ತಾರೇನ್ರಿ? ತಗೋಪಾ ತಮ್ಮಾ, ಬೆಲ್ಲ ತಿಂದು ನೀರು ಕುಡಿ."

ಭಾಷೆ ತಿಳಿಯದ ಹುಡುಗ ಗಟಗಟ ನೀರು ಕುಡಿದು ಅವಳ ಕಾಲಿಗೆ ಬಿದ್ದ. ಈ ಸಲ ನಿರ್ದೇಶಕ "ಕಟ್" ಅನ್ನಲೇ ಇಲ್ಲ. ಕಣ್ಣೊರೆಸಿಕೊಳ್ಳುತ್ತಿದ್ದ! ಆಮೇಲೆ ಎಲ್ಲರೂ ನಮ್ಮ ಪಡಸಾಲೆಯಲ್ಲೇ ಕೂತು ರೊಟ್ಟಿ, ಎಣ್ಣೆಗಾಯಿ ಬಾರಿಸಿದರು.

ಸಿನಿಮಾ ಟೀವಿಗೆ ಬಂದ ದಿನ ಬೀಗರ ಸಮೇತ ಅರ್ಧ ಊರೇ ನಮ್ಮ ಮನೆಯಲ್ಲಿ ನೆರೆಯಿತು. ಹೀರೋ ಬಂದ, ಬಾಗಿಲು ಮುಚ್ಚಿತು, ಬಾಗಿಲು ತೆರೆಯಿತು. ತೆರೆಯ ತುಂಬ ಶಾಂತಾ! ಜನ ಸಿಳ್ಳೆ ಹೊಡೆದರು.

"ನೀವೆಲ್ಲಿ ಅದೀರಿ ಬೀಗ್ರ?" ಎಂದು ಬೀಗರು ಕೇಳಿದರು.

"ಬಾಗಿಲಾ ಹಾಕಿದ ಕೈ ಕಂಡ್ತಲ್ರಿ," ಎಂದೆ, "ಅದು ನಂದು."

ಈಗ ಮನೆಗೆ ನಾಯಿ ನುಗ್ಗಲಿ, ಗಾಳಿ ನುಗ್ಗಲಿ, ಅಡಿಗೆಮನೆಯಿಂದ ಒಂದೇ ಕೂಗು:

"ಕಲಾವಿದ್ರ, ಬಾಗಿಲಾ ಹಾಕ್ರಿ! ಅದೊಂದು ಪಾರ್ಟು ನಿಮಗ ಚಲೋ ಬರ್ತೈತಿ!"